ಅಳಿಸಬೇಡಿ

ಕೌಶಿಕ್ ಅಳುತ್ತಿದ್ದ.

ವೆಸ್ಟ್ ಮಾಂಬಲಂನ ಆ ಹೋಟೆಲಿನ ನಟ್ಟನಡುವೆ, ನೆಲದ ಮೇಲೆ ಅಂಗಾತ ಬಿದ್ದುಕೊಂಡು, ಎರಡೂ ಕಾಲು ಬಡಿಯುತ್ತ ಅಳುತ್ತಿದ್ದ. ಸ್ಟೇಷನ್ ಬಿಡುವ ಲೋಕಲ್ ರೈಲಿನ ಹಾಗೆ ಮೊದಲು ಒಂದು ಎಳೆತ, ಆಮೇಲೆ ಒಂದು ಕುಲುಕು, ಆಮೇಲೆ ತಡೆಯೇ ಇಲ್ಲದ ಓಟ. ಅವನಿಗೆ ರೋಸ್ ಮಿಲ್ಕ್ ಬೇಕಂತೆ. ಒಂದು ಕುಡಿದಾಗಿತ್ತು. ಇನ್ನೊಂದು ಬೇಕಂತೆ.

ಅವನ ತಾಯಿ ಶ್ರೀಪ್ರಿಯಾ ಮಸಾಲೆ ದೋಸೆ ತಿನ್ನುತ್ತಿದ್ದಳು. ಚಟ್ನಿಯಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದಳು.

ಅತ್ತೆ ಕೌಸಲ್ಯಾ ತಡೆಯಲಾರದೆ ಹೇಳಿದರು: “ಎದೆ ಕುಯ್ಸಿಕೊಂಡ ಕೂಸು, ಪಾವಂ! ಕೊಡಿಸಬಾರದಾ ಶ್ರೀಪ್ರಿಯಾ?”

“ಅತ್ತೆ, ಆಸ್ಪತ್ರೆಯ ವೃಂದಾ ಏನ್ ಹೇಳಿದ್ರು? ಅವನು ಇನ್ಮೇಲೆ ಪೇಷಂಟ್ ಅಲ್ಲ. ಅಳಲಿ. ಐದು ನಿಮಿಷ. ಅಪ್ಪರಂ ತಾನಾಗೇ ಎದ್ದು ಬರ್ತಾನೆ.”

ಹಿಂದಿನ ಬಾಗಿಲಿನ ಸಂದಿಯಿಂದ ರತ್ನಾವತಿ ಇದನ್ನೆಲ್ಲ ನೋಡುತ್ತಿದ್ದಳು. ಕೈಯಲ್ಲಿ ಚೂರಿ. ಎದುರಿಗೆ ಒಂದು ಮೂಟೆ ಈರುಳ್ಳಿ. ಕಣ್ಣಲ್ಲಿ ಧಾರಾಕಾರ ನೀರು. ಈರುಳ್ಳಿಯದ್ದೇ ಇರಬೇಕು.

ಐದು ನಿಮಿಷ ಬೇಕಾಗಲಿಲ್ಲ. ಮೂರಕ್ಕೇ ಕೌಶಿಕ್ ಎದ್ದ. ಮೂಗು ಒರೆಸಿಕೊಂಡ. ಕುರ್ಚಿ ಹತ್ತಿ ತಾಯಿಯ ದೋಸೆಗೆ ಕೈ ಹಾಕಿದ. ಅವನ ಮುಖ ಬಿಸಿ ಎಣ್ಣೆಯಿಂದ ಆಗಷ್ಟೇ ತೆಗೆದ ಬೋಂಡಾದ ಹಾಗೆ ಕೆಂಪಗೆ, ದುಂಡಗೆ, ಹೊಳೆಯುತ್ತ ಇತ್ತು.

ರತ್ನಾವತಿಯ ಹೊಟ್ಟೆಯೊಳಗೆ ಒಲೆ ಹತ್ತಿತು. ಹೊಟ್ಟೆಕಿಚ್ಚಿಗೆ ಗ್ಯಾಸ್ ಬುಕ್ ಮಾಡಬೇಕಾಗಿಲ್ಲ.

ಜನ ಬೇರೆಯವರ ಮಕ್ಕಳ ನಗು ಕಂಡು ಕರುಬುತ್ತಾರೆ. ಅಂಕ ಕಂಡು, ಇಂಗ್ಲಿಷ್ ಕಂಡು ಕರುಬುತ್ತಾರೆ. ರತ್ನಾವತಿ ಕರುಬಿದ್ದು ಆ ಹುಡುಗನ ಅಳು ಕಂಡು. ಏನು ಧೈರ್ಯ! ಏನು ದೌಲತ್ತು! ನೆಲದ ಮೇಲೆ ಬಿದ್ದು, ಇಷ್ಟು ಜನರೆದುರು, ಹೊಟ್ಟೆ ತುಂಬ ಅಳುವುದು. ಮತ್ತು ಆ ತಾಯಿ. ಎದೆಯಲ್ಲಿ ಹೊಲಿಗೆ ಇರುವ ಮಗ ಅಳುವಾಗ ದೋಸೆ ಗಂಟಲಲ್ಲಿ ಇಳಿಯುವ ತಾಯಿ.

ಅವಳ ಪಕ್ಕದಲ್ಲಿ, ಮಗುಚಿಟ್ಟ ಎಣ್ಣೆ ಡಬ್ಬದ ಮೇಲೆ ಕೂತು, ಪ್ರಣಮ್ಯಾ ಕೂಡ ಅದೇ ಸಂದಿಯಿಂದ ನೋಡುತ್ತಿದ್ದಳು. ರತ್ನಾವತಿಯ ಮಗಳು. ಏಳು ವರ್ಷ. ಕೌಶಿಕನಿಗೂ ಏಳು. ಕೌಶಿಕನ ಎದೆಯ ಮೇಲಿರುವಂಥದೇ ಒಂದು ಉದ್ದನೆಯ ಗೀರು ಇವಳ ಎದೆಯ ಮೇಲೂ ಇತ್ತು. ಇಬ್ಬರನ್ನೂ ಕುಯ್ದದ್ದು ಒಂದೇ ದಿನ, ಒಂದೇ ಆಸ್ಪತ್ರೆಯಲ್ಲಿ.

ಪ್ರಣಮ್ಯಾ ಮೂರು ವರ್ಷದಿಂದ ಅತ್ತಿರಲಿಲ್ಲ.

*

ಅವಳು ಹುಟ್ಟುವಾಗಲೇ ಹೃದಯದಲ್ಲಿ ದೋಷ. ಅತ್ತರೆ ನೀಲಿಗಟ್ಟುವ ಕೂಸು. ತುಟಿ, ಉಗುರು, ನಾಲಿಗೆ ಎಲ್ಲ ನೇರಳೆ ಹಣ್ಣು ತಿಂದ ಹಾಗೆ. “ಅಳಿಸಬೇಡಿ” ಅಂದಿದ್ದರು ಡಾಕ್ಟರು. “ಅಳಲು ಶುರು ಮಾಡಿದರೆ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡೀರಿ. ಏನೇ ಆಗಲಿ, ಅಳಿಸಬೇಡಿ.”

ಅದು ಆ ಮನೆಯ ಕಾನೂನಾಯಿತು. ಗಂಡ ಚಂದು ಇದೇ ಹೋಟೆಲಿನಲ್ಲಿ ಸಪ್ಲೈಯರ್. ಬ್ರಹ್ಮಾವರದ ಕಡೆಯವನು. ನಾಲ್ಕು ಟೇಬಲ್ ಆಚೆಗೆ ಕೇಳುವ ಹಾಗೆ “ಎರಡು ಇಡ್ಲಿ ಒಂದು ವಡೆ” ಕೂಗುವವನು ಮನೆಯೊಳಗೆ ಪಿಸುಗುಟ್ಟಲು ಕಲಿತ. ಗಂಡ ಹೆಂಡತಿ ಜಗಳವನ್ನೂ ಕೈಸನ್ನೆಯಲ್ಲೇ ಆಡಿದರು. ಮಗುವಿಗೆ ಬೇಕಾದ್ದು ಕೇಳುವ ಮೊದಲೇ ಕೊಟ್ಟರು. ಆದರೂ ಬಾಯಿ ಸೊಟ್ಟಗಾದರೆ ರತ್ನಾವತಿಯ ಅಂಗೈ ಅದರ ಮೇಲೆ. ಈರುಳ್ಳಿ ನಾರುವ ಅಂಗೈ.

ನಾಲ್ಕನೇ ವರ್ಷಕ್ಕೆ, ಗಿಂಡಿಯಿಂದ ಒಂದೇ ಬಸ್ಸಿನಲ್ಲಿ ಹೋಗಬಹುದಾದ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಟ್ರಸ್ಟಿನ ಲೆಕ್ಕದಲ್ಲಿ ಆಪರೇಷನ್ ಆಯಿತು. ಕೆಳಗಿನ ವಾರ್ಡು ಟ್ರಸ್ಟಿನ ಮಕ್ಕಳಿಗೆ. ಮೇಲಿನ ರೂಮುಗಳು ಮೇಲಿನವರಿಗೆ. ಐಸಿಯು ಮಾತ್ರ ಒಂದೇ. ಅಲ್ಲಿ ಪ್ರಣಮ್ಯಾ ಮತ್ತು ಕೌಶಿಕ್ ಅಕ್ಕಪಕ್ಕದ ಮಂಚ. ಹೊರಗಿನ ಬೆಂಚಿನಲ್ಲಿ ತಾಯಂದಿರು ಅಕ್ಕಪಕ್ಕ.

“ನೀವು ಕನ್ನಡವಾ?” ಎಂದು ಶ್ರೀಪ್ರಿಯಾ ರತ್ನಾವತಿಯ ಕೈ ಹಿಡಿದುಕೊಂಡಿದ್ದಳು. ಶ್ರೀಪ್ರಿಯಾಳದು ತಲೆತಲಾಂತರದಿಂದ ಮದರಾಸಿನಲ್ಲಿರುವ ಕನ್ನಡದ ಮನೆ. ಗಂಡ ಗುರುಚರಣನಿಗೆ ಶೋಳಿಂಗನಲ್ಲೂರಿನಲ್ಲಿ ಕೆಲಸ. ಎರಡು ದಿನ ಇಬ್ಬರೂ ಒಂದೇ ಫ್ಲಾಸ್ಕಿನ ಕಾಫಿ ಕುಡಿದರು. ಸಾವು ಬಾಗಿಲ ಆಚೆ ನಿಂತಿರುವಾಗ ಯಾರೂ ಯಾರ ಲೋಟವನ್ನೂ ನೋಡುವುದಿಲ್ಲ.

ಮೂರನೇ ದಿನ ಮಕ್ಕಳು ಉಳಿದರು. ಲೋಟಗಳು ಬೇರೆಯಾದವು. ಒಬ್ಬಳು ಲಿಫ್ಟಿನಲ್ಲಿ ಮೇಲೆ ಹೋದಳು. ಒಬ್ಬಳು ಮೆಟ್ಟಿಲಿಳಿದು ಕೆಳಗೆ ಹೋದಳು.

ಬಿಡುಗಡೆಯ ದಿನ ಕೆಳಗಿನ ವಾರ್ಡಿಗೆ ಇಂಗ್ಲಿಷಿನಲ್ಲಿ ಒಂದು ಹಾಳೆ ಸಿಕ್ಕಿತು. ಆರು ತಿಂಗಳಿಗೊಮ್ಮೆ ಎಕೋ ಪರೀಕ್ಷೆಗೆ ಬರಬೇಕು. ಅಷ್ಟು ಗೊತ್ತಾಯಿತು. ಮೊದಲನೇ ಸಲ ಹೋದಾಗ ಡಾಕ್ಟರ್ ಪರದೆ ನೋಡುತ್ತ “ನಾರ್ಮಲ್” ಅಂದರು. ಆ ಶಬ್ದ ಮುಗಿಯುವ ಮೊದಲೇ “ನೆಕ್ಸ್ಟ್” ಅಂದರು. ರತ್ನಾವತಿ ಬಾಗಿಲಲ್ಲಿ ನಿಂತು ನರ್ಸನ್ನು ತನಗೆ ಬರುವ ತಮಿಳಿನಲ್ಲಿ ಕೇಳಿದಳು: “ಸಿಸ್ಟರ್, ಇನ್ನು ಮಗು ಅಳಬಹುದಾ?”

“ಯಾಕಮ್ಮಾ, ಹೊಡೀಬೇಕಾ ಮಗೂನ?” ಎಂದು ನರ್ಸ್ ನಕ್ಕಳು. ಸಾಲಿನಲ್ಲಿದ್ದವರೂ ನಕ್ಕರು. ರತ್ನಾವತಿ ಮತ್ತೆ ಕೇಳಲಿಲ್ಲ.

ಹಾಗಾಗಿ ಕಾನೂನು ಉಳಿಯಿತು. ರೋಗ ಹೋದರೂ ಉಳಿಯಿತು. ಶಾಲೆಯಲ್ಲಿ ಟೀಚರಿಗೆ ಕೈಮುಗಿದು ಹೇಳಿದ್ದಳು, ಬೈಯಬೇಡಿ, ಅಳಿಸಬೇಡಿ ಎಂದು. ಟೀಚರ್ ಮಗುವನ್ನು ಕಿಟಕಿ ಪಕ್ಕ ಕೂರಿಸಿ ಬಿಟ್ಟುಬಿಟ್ಟರು. ಆಟದಲ್ಲಿ ಸೋತರೆ ಅಳುತ್ತಾಳೆ, ಅತ್ತರೆ ನಮಗೆ ಏಟು ಬೀಳುತ್ತದೆ ಎಂದು ಮಕ್ಕಳು ಆಟಕ್ಕೇ ಸೇರಿಸಲಿಲ್ಲ. ಅವಳಿಗೆ ಅವರಿಟ್ಟ ಹೆಸರು ಕಣ್ಣಾಡಿ. ತಮಿಳಿನಲ್ಲಿ ಹಾಗೆಂದರೆ ಗಾಜು. ಮುಟ್ಟಿದರೆ ಒಡೆಯುವಂಥದು.

*

ಆದರೆ ಗಾಜಿಗೆ ಒಂದು ವಿದ್ಯೆ ಗೊತ್ತಿತ್ತು. ಕೇಳಿದ್ದನ್ನು ಹಾಗೇ ತಿರುಗಿ ತೋರಿಸುವುದು.

ಪ್ರಣಮ್ಯಾ ಎಲ್ಲರ ಹಾಗೂ ಮಾತಾಡುತ್ತಿದ್ದಳು. ಹೋಟೆಲಿನ ಗ್ರೈಂಡರ್ ಹಾಗೆ ಗುರ್‌ಗುಡುತ್ತಿದ್ದಳು. ಮಾಂಬಲಂ ಸ್ಟೇಷನ್ನಿನ ಮೈಕಿನ ಹೆಂಗಸಿನ ಹಾಗೆ ಮೂಗಿನಲ್ಲಿ ರೈಲು ಹೊರಡಿಸುತ್ತಿದ್ದಳು. ಹೋಟೆಲಿನ ಭಟ್ಟರ ಹಾಗೆ ಸೊಂಟದ ಮೇಲೆ ಕೈಯಿಟ್ಟು, “ಹೋಯ್ ರತ್ನಾ, ಒಳಗೆ ಬರ್ಬೇಡ ಮಾರಾಯ್ತಿ, ಅಲ್ಲಿಂದಲೇ ಕೊಡು” ಎನ್ನುತ್ತಿದ್ದಳು.

ಅದು ರತ್ನಾವತಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ಒಲೆಯ ಹತ್ತಿರಕ್ಕೆ ಭಟ್ಟರ ಜನ ಮಾತ್ರ ಹೋಗಬಹುದು. ಹೆಚ್ಚಿದ ಈರುಳ್ಳಿ ಒಳಗೆ ಹೋಗಬಹುದು. ಹೆಚ್ಚಿದವಳು ಹೋಗಬಾರದು. ಹನ್ನೊಂದು ವರ್ಷದಿಂದ ಅವಳ ಜಾಗ ಹಿಂದಿನ ಓಣಿ. ಕುಕ್ಕರುಗಾಲಲ್ಲಿ ಕೂತು ಕೂತು ಮಂಡಿ ಮರಗಟ್ಟಿದೆ. ಎಡಗೈ ತೋರುಬೆರಳಿನ ತುದಿ ಚೂರಿಗೆ ಸಿಕ್ಕಿ ಸಿಕ್ಕಿ ಚಪ್ಪಟೆಯಾಗಿದೆ. ವಾಸನೆ ಸೋಪಿಗೆ ಹೋಗುವುದಿಲ್ಲ. ಸಂಬಳಕ್ಕೆ ಅಳುವವಳು ಅವಳೊಬ್ಬಳೇ ಇಡೀ ಹೋಟೆಲಿನಲ್ಲಿ.

ಕೌಶಿಕ್ ಹೋಟೆಲಿನಲ್ಲಿ ಅತ್ತ ಆ ಭಾನುವಾರ, ಮನೆಗೆ ಹೋದ ಮೇಲೆ ಪ್ರಣಮ್ಯಾ ನೆಲದ ಮೇಲೆ ಅಂಗಾತ ಮಲಗಿದಳು. ಒಂದು ಎಳೆತ. ಒಂದು ಕುಲುಕು. ಆಮೇಲೆ ಕೌಶಿಕ್. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಕೌಶಿಕ್! ಕಾಲು ಬಡಿತ, ನಡುವೆ ಬರುವ ಬಿಕ್ಕಳಿಕೆ, “ರೋಸ್ ಮಿಲ್ಕೂಊ” ಎಂಬ ರಾಗ. ಎಲ್ಲ ಇತ್ತು. ಕಣ್ಣು ಮಾತ್ರ ಒಣಗಿತ್ತು.

ರತ್ನಾವತಿ ಹಾರಿ ಬಂದು ಬಾಯಿ ಮುಚ್ಚಿದಳು. ಮೊಣಕಾಲು ಮಡಚಿ ಎದೆಗೆ ಒತ್ತಿದಳು. ಉಗುರು ನೋಡಿದಳು.

“ಅಮ್ಮಾ, ಸುಮ್ಮನೆ ಪಾ! ನಿಜ ಅಲ್ಲ,” ಎಂದಳು ಪ್ರಣಮ್ಯಾ ಅಂಗೈಯ ಒಳಗಿನಿಂದ. ಆಮೇಲೆ ತಾಯಿಯ ಮುಖ ನೋಡುತ್ತ, ಶಾಲೆಯ ತಮಿಳಿನಲ್ಲಿ, ತಣ್ಣಗೆ ಕೇಳಿದಳು: “ನಾ ಅಳುದಾ ಸೆತ್ತುಡುವೇನಾ?”

ನಾನು ಅತ್ತರೆ ಸತ್ತುಹೋಗುತ್ತೇನಾ?

ಚಂದು ಮೂಲೆಯಲ್ಲಿ ಅಂಗಿ ಬಿಚ್ಚುತ್ತಿದ್ದವನು ಅರ್ಧದಲ್ಲೇ ನಿಂತ. ರತ್ನಾವತಿ ಮತ್ತೊಮ್ಮೆ ಮಗಳ ಉಗುರು ನೋಡಿದಳು.

*

ಮುಂದಿನ ಭಾನುವಾರ ಶ್ರೀಪ್ರಿಯಾ ಕೈತೊಳೆಯಲು ಹಿಂದಕ್ಕೆ ಬಂದಾಗ ರತ್ನಾವತಿ ಚೂರಿ ಕೆಳಗಿಟ್ಟಳು.

“ಅಮ್ಮಾ, ಒಂದು ಕೇಳ್ತೇನೆ. ನೀವು ಅವನನ್ನು ಹೇಗೆ ಅಳ್ಲಿಕ್ಕೆ ಬಿಡ್ತೀರಿ? ನಿಮಗೆ ಹೆದರಿಕೆ ಆಗುದಿಲ್ವಾ?”

“ಆಗ್ತಿತ್ತು ರತ್ನಾ. ಮೊದಲನೇ ವರ್ಷ ನಂಗೆ ನಿದ್ದೆಯೇ ಇಲ್ಲ. ಅವನ ಮೂಗಿನ ಹತ್ರ ಕೈ ಇಟ್ಕೊಂಡೇ ಕೂತಿರ್ತಿದ್ದೆ. ಆಗ ಕೌನ್ಸಿಲಿಂಗ್ ಕೊಟ್ರಲ್ಲಾ, ವೃಂದಾ. ಅದೇ ಆಸ್ಪತ್ರೇಲಿ. ವಾರ ವಾರ ಹೋದ್ವಿ. ನಂಗೂ, ಇವರಿಗೂ, ಕೌಶಿಕ್‌ಗೂ. ಆಂಕ್ಸೈಟಿ ಅಂತಾರೆ ಅದಕ್ಕೆ. ನನ್ನ ಹೆದರಿಕೆ ಅವನಿಗೆ ಅಂಟುತ್ತೆ ಅಂದ್ರು. ಅಳಲಿ, ಓಡಲಿ, ಬೀಳಲಿ ಅಂದ್ರು.” ಶ್ರೀಪ್ರಿಯಾ ನೀರು ಕೊಡವಿಕೊಂಡಳು. “ನಿಮಗೂ ಕೊಟ್ಟಿರ್ಬೇಕಲ್ಲಾ? ಕೆಳಗೆ?”

ಕೆಳಗೆ!

“ನಮಗೆ ಹಾಳೆ ಕೊಟ್ರು,” ಎಂದಳು ರತ್ನಾವತಿ.

ಶ್ರೀಪ್ರಿಯಾಳ ಮುಖ ಸಣ್ಣದಾಯಿತು. ಅವಳು ಕೆಟ್ಟವಳಲ್ಲ. ಅದೇ ಇನ್ನೂ ಹೊಟ್ಟೆ ಉರಿಸುವ ವಿಷಯ. ಕೆಟ್ಟವಳಾಗಿದ್ದರೆ ಬೈದು ಮುಗಿಸಬಹುದಿತ್ತು.

ಮೂಗಿನ ಹತ್ತಿರ ಕೈ. ರತ್ನಾವತಿ ಇವತ್ತಿಗೂ ಇಡುತ್ತಾಳೆ. ಇವಳದೂ ಅದೇ ಹೆದರಿಕೆ. ಶ್ರೀಪ್ರಿಯಾಳ ಹೆದರಿಕೆಗೆ ಒಂದು ಹೆಸರಿತ್ತು. ಒಂದು ರೂಮಿತ್ತು, ಅದರಲ್ಲಿ ಕುರ್ಚಿ ಇತ್ತು, ಕುರ್ಚಿಯ ಎದುರು ಕೇಳಿಸಿಕೊಳ್ಳುವ ಒಬ್ಬಳು ಇದ್ದಳು. ಇವಳ ಹೆದರಿಕೆ ಈರುಳ್ಳಿ ಮೂಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿತ್ತು. ಹೆಸರಿಲ್ಲದ್ದಕ್ಕೆ ಯಾರು ಮದ್ದು ಕೊಡುತ್ತಾರೆ?

ಆ ದಿನ ಅವಳು ಹೆಚ್ಚಿದ ಈರುಳ್ಳಿ ಎಂದಿಗಿಂತ ಸಣ್ಣಗಿತ್ತು. “ಇದೆಂತ ಮಾರಾಯ್ತಿ, ಪೇಸ್ಟಾ?” ಎಂದರು ಭಟ್ಟರು ಒಳಗಿನಿಂದ.

*

ಅದೇ ವಾರ ಮೋಹನ್ ಫೋನ್ ಮಾಡಿದ. ಟ್ರಸ್ಟಿನ ಕೆಲಸಗಳನ್ನು ನೋಡಿಕೊಳ್ಳುವವನು. ಅವನ ದನಿಯಲ್ಲಿ ಯಾವಾಗಲೂ ಒಂದು ರಿಬ್ಬನ್ ಕತ್ತರಿಸಲು ತಯಾರಾಗಿರುತ್ತಿತ್ತು. ಆಸ್ಪತ್ರೆಯಲ್ಲಿ ಹೃದಯ ದಿನದ ಫಂಕ್ಷನ್. ದೊಡ್ಡ ದೊಡ್ಡ ದಾನಿಗಳು ಬರುತ್ತಾರೆ. ಪ್ರಣಮ್ಯಾ ವೇದಿಕೆ ಮೇಲೆ ಬರಬೇಕು.

“ಅಂಗಿ ನಾವೇ ಕೊಡ್ತೀವಮ್ಮಾ. ಕೆಂಪು. ಎದುರುಗಡೆ ಗುಂಡಿ ಇರತ್ತೆ. ಮೇಲಿನದು ಹಾಕಬೇಡಿ. ತಳುಂಬು ಕಾಣಬೇಕು, ಸರಿಯಾ? ಗಾಯದ ಗುರುತು. ಬರದೇ ಇರಬೇಡಿ. ಆಮೇಲೆ ಎಕೋ ಲಿಸ್ಟಿನಲ್ಲಿ ಹೆಸರು ಬಿಟ್ಟುಹೋಯ್ತು ಅಂತ ನನ್ನ ಹತ್ರ ಅಳಬೇಡಿ.”

ಅವಳು ಒಪ್ಪಿದಳು. ಲಿಸ್ಟಿನ ಹೆದರಿಕೆ ಅರ್ಧ. ಇನ್ನರ್ಧ ಬೇರೆ ಕಾರಣ. ಅಲ್ಲಿ ವೃಂದಾ ಇರುತ್ತಾಳೆ.

ರಜೆ ಕೇಳಿದಾಗ ಭಟ್ಟರು, “ನೀನು ಇಲ್ಲದಿದ್ರೆ ಸಾಂಬಾರಿಗೆ ಯಾರು ಅಳುದು?” ಎಂದು ಜೋಕು ಮಾಡಿದರು. ಅವಳು ನಗಲಿಲ್ಲ. ಅವರೇ ಎರಡು ಪಾಲು ನಕ್ಕರು.

ಸಭಾಂಗಣದಲ್ಲಿ ಕೆಂಪು ಬಲೂನುಗಳು. ಮೇಲಿನ ರೂಮಿನ ಮಕ್ಕಳು ಅಪ್ಪ ಅಮ್ಮನ ಜೊತೆ ಎರಡನೇ ಸಾಲಿನ ಮೆತ್ತನೆ ಕುರ್ಚಿಗಳಲ್ಲಿ. ಕೌಶಿಕ್ ನೀಲಿ ಜುಬ್ಬಾ ಹಾಕಿದ್ದ. ಕುತ್ತಿಗೆವರೆಗೂ ಗುಂಡಿ. ಅವನದೂ ಅದೇ ಗೀರು, ಅದೇ ಡಾಕ್ಟರ ಕೈಯದು. ಅದನ್ನು ಯಾರೂ ತೋರಿಸು ಅನ್ನಲಿಲ್ಲ. ಟ್ರಸ್ಟಿನ ಹನ್ನೊಂದು ಮಕ್ಕಳು ವೇದಿಕೆಯ ಪಕ್ಕ ಸಾಲಾಗಿ ನಿಂತಿದ್ದರು. ಎಲ್ಲರ ಮೇಲಿನ ಗುಂಡಿ ಬಿಚ್ಚಿತ್ತು. ಹೃದಯವಂತರೆಲ್ಲ ಎದುರು ಕೂತಿದ್ದರು. ಹೃದಯ ಇದೆ ಎಂದು ರುಜುವಾತು ಕೊಡಬೇಕಾದವರು ಸಾಲಲ್ಲಿ ನಿಂತಿದ್ದರು.

ಶ್ರೀಪ್ರಿಯಾ ದೂರದಿಂದಲೇ ಒಬ್ಬಳನ್ನು ತೋರಿಸಿದಳು. ಹತ್ತಿಸೀರೆ, ಕೊರಳಲ್ಲಿ ಆಸ್ಪತ್ರೆಯ ಕಾರ್ಡು. ರತ್ನಾವತಿ ನೇರ ಹೋಗಿ ನಿಂತಳು.

“ಅಮ್ಮಾ, ನೀವು ಕನ್ನಡವಂತೆ. ನನ್ನ ಮಗಳಿಗೆ ಇಲ್ಲೇ ಆಪರೇಷನ್ ಆದದ್ದು. ಡಾಕ್ಟ್ರು ನಾರ್ಮಲ್ ಹೇಳ್ತಾರೆ ಎಲ್ಲ ಸಲವೂ. ಅವಳು ಅಳಬಹುದಾ?”

ವೃಂದಾ ನಗಲಿಲ್ಲ. “ನಾರ್ಮಲ್ ಅಂದಿದ್ರೆ ಧಾರಾಳವಾಗಿ ಅಳಬಹುದು. ಅಳಿಸಬೇಡಿ ಅಂದಿದ್ದು ಆಪರೇಷನ್‌ಗೆ ಮುಂಚೆ. ಈಗ ಏನೂ ಆಗಲ್ಲ.” ಆಮೇಲೆ ಏನೋ ಹೊಳೆದು, “ಎಷ್ಟು ದಿನದಿಂದ ಅಳಿಸಿಲ್ಲ?” ಎಂದಳು.

“ಮೂರು ವರ್ಷ.”

ವೃಂದಾಳ ಕೈ ಬಾಯಿಗೆ ಹೋಯಿತು. “ಯಾರೂ ಹೇಳಲಿಲ್ವಾ ನಿಮಗೆ? ನನಗೆ ಮೇಲಿನ ಫ್ಲೋರ್ ಮಾತ್ರ ಕೊಟ್ಟಿದ್ದಾರೆ ರೀ. ಕೆಳಗೆ ನಾನು—”

“ವೃಂದಾ ಮ್ಯಾಡಂ, ಚೀಫ್ ಗೆಸ್ಟ್ ಬಂದ್ರು!” ಎಂದು ಮೋಹನ್ ಅವಳನ್ನು ಕರೆದುಕೊಂಡು ಹೋದ.

ರತ್ನಾವತಿ ಅಲ್ಲೇ ನಿಂತಳು. ಮೂರು ಸಾಲಿನ ಮಾತು. ಹತ್ತು ಸೆಕೆಂಡು. ಒಂದು ಈರುಳ್ಳಿ ಸಿಪ್ಪೆ ತೆಗೆಯುವಷ್ಟು ಹೊತ್ತು. ಅಷ್ಟನ್ನು ಹೇಳಲು ಒಬ್ಬರೂ ಆ ಮೆಟ್ಟಿಲಿಳಿದು ಕೆಳಗೆ ಬರಲಿಲ್ಲ. ಇವಳ ಅಂಗೈ ಮೂರು ವರ್ಷ ಮಗುವಿನ ಬಾಯಿಯ ಮೇಲಿತ್ತು. ಆ ಅಂಗೈಯನ್ನು ಅವಳು ತಿರುಗಿಸಿ ನೋಡಿದಳು. ಕಡಿದುಹಾಕುವಷ್ಟು ಸಿಟ್ಟು ಬಂತು.

ಆಗ ವೇದಿಕೆಯಿಂದ ಹೆಸರು ಕೂಗಿದರು. “ಬೇಬಿ ಪ್ರಣಮ್ಯಾ!”

ಪ್ರಣಮ್ಯಾ ಹತ್ತಿದಳು. ದಾನಿಯೊಬ್ಬರು, ಸುವಾಸನೆಯ ವಯಸ್ಸಾದ ಹೆಂಗಸು, ಬಗ್ಗಿ ಅವಳ ಗಲ್ಲ ಹಿಡಿದರು. ಕೈಗೆ ಚಾಕಲೇಟು ಕೊಟ್ಟರು. ಚಪ್ಪಾಳೆ. ಫೋಟೋದವನು ಕ್ಯಾಮೆರಾ ಇಳಿಸಿದ. “ಸಾರ್, ತಳುಂಬು ತೆರಿಯಲೆ, ಕಾಣ್ತಿಲ್ಲ. ಇನ್ನೊಂದು ಗುಂಡಿ.”

ಮೋಹನ್ ಕೈ ಚಾಚಿದ.

ಪ್ರಣಮ್ಯಾ ಚಾಕಲೇಟು ಬಿಸಾಡಿ ಎರಡೂ ಕೈಯಿಂದ ಅಂಗಿಯ ಕೊರಳು ಹಿಡಿದುಕೊಂಡಳು. ಎದುರಿಗೆ ಇಡೀ ಸಭೆ. ಎರಡನೇ ಸಾಲಿನಲ್ಲಿ ಕೌಶಿಕ್. ಅವಳ ತುಟಿ ನಡುಗಿತು. ಗಲ್ಲ ಸೊಟ್ಟಗಾಯಿತು. ಅವಳು ತಿರುಗಿ ತಾಯಿಯನ್ನು ಹುಡುಕಿದಳು. ಅಪ್ಪಣೆ ಕೇಳುವ ಕಣ್ಣು.

ಮೋಹನ್ ಕೂಡ ತಿರುಗಿದ. ಮೈಕು ಅವನ ಕೈಯಲ್ಲೇ ಇತ್ತು. ಮುಖದಲ್ಲಿ ನಗು ಇಟ್ಟುಕೊಂಡೇ ಹಲ್ಲಿನ ಸಂದಿಯಿಂದ ಹೇಳಿದ್ದು ಇಡೀ ಸಭಾಂಗಣಕ್ಕೆ ಕೇಳಿತು:

“ಅಮ್ಮಾ, ಅಳಿಸಬೇಡಿ. ಅಳಿಸಬೇಡಿ ಅವಳನ್ನ.”

ರತ್ನಾವತಿ ವೇದಿಕೆ ಹತ್ತಿದಳು. ಮೆಟ್ಟಿಲು ಆ ಕಡೆಗಿತ್ತು. ಅವಳು ಈ ಕಡೆಯಿಂದಲೇ, ಸೀರೆ ಎತ್ತಿ ಕಟ್ಟಿ, ಮರಗಟ್ಟಿದ ಮಂಡಿ ಊರಿ ಹತ್ತಿದಳು. ಮೋಹನನ ಮುಂಗೈ ಹಿಡಿದಳು. ಹನ್ನೊಂದು ವರ್ಷ ಚೂರಿ ಹಿಡಿದ ಕೈ. ಅವನ ನಗು ಬಿದ್ದುಹೋಯಿತು.

“ಕೈ ತೆಗಿ.”

“ಅಮ್ಮಾ, ದಾನಿಗಳು—”

“ದಾನಿಗಳಿಗೆ ನೋಡ್ಬೇಕಾದ್ರೆ ಅವನದ್ದೂ ಉಂಟು ಅಲ್ಲಿ, ಎರಡನೇ ಸಾಲಲ್ಲಿ. ಅವನ ಜುಬ್ಬಾ ಬಿಚ್ಚಿಸ್ತೀಯಾ? ಬಿಚ್ಚಿಸು ಕಾಣುವ!”

ಶ್ರೀಪ್ರಿಯಾ ತಟ್ಟನೆ ಮಗನನ್ನು ಎದೆಗೆ ಎಳೆದುಕೊಂಡಳು. ಎಳೆದುಕೊಂಡ ಮೇಲೆ ತಲೆ ತಗ್ಗಿಸಿದಳು.

ರತ್ನಾವತಿ ಮಗಳ ಎದುರು ಕುಕ್ಕರುಗಾಲಲ್ಲಿ ಕೂತಳು. ಮೇಲಿನ ಗುಂಡಿ ಹಾಕಿದಳು. ಅಂಗೈ ಅಭ್ಯಾಸಬಲದಿಂದ ಬಾಯಿಯ ಕಡೆಗೆ ಎದ್ದಿತ್ತು. ಅದನ್ನು ಅವಳು ಬೆನ್ನ ಹಿಂದೆ ಇಟ್ಟುಕೊಂಡಳು.

“ಅಳು ಮಗಾ. ಎಂತದೂ ಆಗುದಿಲ್ಲ. ಅಳು.”

ಪ್ರಣಮ್ಯಾ ಒಂದು ಕ್ಷಣ ನಂಬಲಿಲ್ಲ.

ಆಮೇಲೆ ಅತ್ತಳು.

ಅದು ಕೌಶಿಕನ ಅಳು ಆಗಿರಲಿಲ್ಲ. ಯಾರದೂ ಆಗಿರಲಿಲ್ಲ. ಒರಟು, ತುಂಡು ತುಂಡು, ತುಕ್ಕು ಹಿಡಿದ ನಲ್ಲಿ ತಿರುಗಿಸಿದರೆ ಮೊದಲು ಬರುವಂಥದು. ಆಮೇಲೆ ಭೋರೆಂದು ಬಂತು. ಮೈಕು ಕೆಳಗೆ ಬಿದ್ದಿತ್ತು, ಆರಿಸಿರಲಿಲ್ಲ. ಸಭೆ ತುಂಬ ಅದೇ ಸದ್ದು. ಬಲೂನುಗಳೂ ನಡುಗಿದವು. ಸುವಾಸನೆಯ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದರು. ಫೋಟೋದವನು ಕ್ಯಾಮೆರಾ ಎತ್ತಲಿಲ್ಲ.

ಎರಡನೇ ಸಾಲಿನಿಂದ ಕೌಶಿಕನ ದನಿ ಬಂತು. ಅದರಲ್ಲಿ ಅಪ್ಪಟ ಹೊಟ್ಟೆಕಿಚ್ಚು ಇತ್ತು. “ಅಮ್ಮಾ, ಅವ ಎನ್ನೆ ವಿಡ ಸತ್ತಮಾ ಅಳರಾ!” ನನಗಿಂತ ಜೋರಾಗಿ ಅಳ್ತಾಳೆ!

ರತ್ನಾವತಿ ಮಗಳ ಕೈ ಬಿಡಿಸಿ ಉಗುರು ನೋಡಿದಳು. ಒಂದೊಂದಾಗಿ ಹತ್ತೂ ನೋಡಿದಳು. ತುಟಿ ನೋಡಿದಳು. ಕೆಂಪು. ಬೋಂಡಾದ ಹಾಗೆ ಕೆಂಪು.

*

ಗಿಂಡಿಯಲ್ಲಿ ಲೋಕಲ್ ಹತ್ತಿದಾಗಲೂ ಪ್ರಣಮ್ಯಾ ಅಳುತ್ತಲೇ ಇದ್ದಳು. ಈಗ ಕಾರಣವೇನೂ ಇರಲಿಲ್ಲ. ನಿಲ್ಲಿಸಿ, ಕಿಟಕಿಯ ಹೊರಗೆ ನೋಡಿ, ನೆನಪಾಗಿ ಮತ್ತೆ ಶುರುಮಾಡುತ್ತಿದ್ದಳು. ಲಿಸ್ಟಿನಿಂದ ಹೆಸರು ತೆಗೆಯುತ್ತಾರೋ ಏನೋ. ತೆಗೆದರೆ ಹೋಗಿ ಆ ಮೇಲಿನ ಮಹಡಿಯ ಬಾಗಿಲಲ್ಲೇ ಕೂರುವುದು ಎಂದು ರತ್ನಾವತಿ ಆಗಲೇ ತೀರ್ಮಾನಿಸಿದ್ದಳು. ಕುಕ್ಕರುಗಾಲಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಲ್ಲಳು ಅವಳು. ಕೆಳಗಿನ ವಾರ್ಡಿನ ಉಳಿದ ಹತ್ತು ತಾಯಂದಿರ ಫೋನ್ ನಂಬರೂ ಹೊರಡುವಾಗ ತೆಗೆದುಕೊಂಡಿದ್ದಳು. ಅವರಿಗೂ ಆ ಮೂರು ಸಾಲು ಯಾರಾದರೂ ಹೇಳಬೇಕಲ್ಲ.

ಎದುರು ಸೀಟಿನ ಅಜ್ಜಿಯೊಬ್ಬರು ಸೈದಾಪೇಟೆ ದಾಟುವವರೆಗೆ ತಡೆದುಕೊಂಡರು. ಆಮೇಲೆ ತಮಿಳಿನಲ್ಲಿ ಗದರಿದರು. “ಏನಮ್ಮಾ ಇದು, ಮಗು ಹೀಗೆ ಅಳ್ತಿದೆ, ನೀನು ಸುಮ್ಮನೆ ಕೂತಿದ್ದೀಯ! ಸಮಾಧಾನ ಮಾಡಬಾರದಾ? ಮೈಗೆ ಹುಷಾರಿಲ್ಲವಾ ಅವಳಿಗೆ?”

ರತ್ನಾವತಿ ಕಿಟಕಿಗೆ ಒರಗಿ ಕಾಲು ಚಾಚಿದಳು.

“ಅಳಲಿ ಬಿಡಿ ಪಾಟಿ,” ಎಂದಳು. “ಅವಳಿಗೆ ಹುಷಾರಾಗಿದೆ.”